ಕೆರೆ ಕಾಯುವ ಸಂಘ ಯಾರದಾಗಬೇಕು?

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಊರ ಕೆರೆಯನ್ನು ನೋಡಿಕೊಳ್ಳಲು ಒಂದು ಸಂಘ ಕಟ್ಟಬೇಕೆಂಬ ಮಾತು ಕೆಲವು ತಿಂಗಳಿಂದ ನಮ್ಮ ಚಹದಂಗಡಿಗಳಲ್ಲಿ ನಡೆದಿದೆ. ಒಳ್ಳೆಯದು, ಕೂಡಲೆ ಆಗಬೇಕು ಎನ್ನುವವರು ಕೆಲವರು. ಅದು ಹೊಟ್ಟೆ ತುಂಬಿದವರ ಹೊತ್ತು ಕಳೆಯುವ ಉದ್ಯೋಗ, ಎಂಟು ತಾಸು ಮಗ್ಗದ ಮುಂದೆ ನಿಂತು ಬಂದವನಿಗೆ ಅದರ ಗೊಡವೆ ಏಕೆ ಎನ್ನುವವರು ಮತ್ತೆ ಕೆಲವರು. ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಇಂದು ನಮ್ಮ ಪಾಲಿಗೆ ಬಂದಿದೆ. ಸಂಘ ಬೇಕೋ ಬೇಡವೋ ಎಂಬುದು ದೊಡ್ಡ ಪ್ರಶ್ನೆಯಲ್ಲ. ಅದರಲ್ಲಿ ಯಾರು ಕೂರುತ್ತಾರೆ, ಅದು ಮಾಡುವ ಕಟ್ಟುಪಾಡು ಯಾರ ಬೆನ್ನಿಗೆ ಬೀಳುತ್ತದೆ, ಇದು ಪ್ರಶ್ನೆ.

ಕೆರೆ ಕಾಯುವುದು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆ ಎಂದು ಲೆಕ್ಕ. ಇವು ತಾವೇ ಹುಟ್ಟಿದವಲ್ಲ, ತಾವೇ ಉಳಿದವೂ ಅಲ್ಲ. ತೂಬು ಎತ್ತಿ ಇಳಿಸಿ ಯಾವ ಗದ್ದೆಗೆ ಎಷ್ಟು ನೀರು ಎಂದು ಹಂಚುತ್ತಿದ್ದವನು ನೀರುಗಂಟಿ. ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಬಂಡಿ ಕಟ್ಟಿ ಗೋಡುಮಣ್ಣು ಹೊತ್ತು ಹೊಲಕ್ಕೆ ಹಾಕುತ್ತಿದ್ದರು, ಕೆರೆಗೆ ಹೂಳು ತೆಗೆದಂತೆಯೂ ಆಯಿತು, ಹೊಲಕ್ಕೆ ಗೊಬ್ಬರವೂ ಆಯಿತು. ಕೆರೆಯನ್ನು ದುರಸ್ತಿಯಲ್ಲಿಡುವುದಕ್ಕೆಂದು ಭೂಮಿ ಬಿಟ್ಟುಕೊಟ್ಟ ಶಾಸನಗಳು ನಮ್ಮ ನಾಡಿನ ತುಂಬ ಇವೆ, ಅದಕ್ಕೆ ಕೆರೆಗೊಡಗೆ ಎಂದು ಹೆಸರು. ಅಂದರೆ ಕೆರೆಯ ಕೆಲಸವನ್ನು ಪುಣ್ಯದ ಕೆಲಸವೆಂದು ಹೊಗಳಿ ಸುಮ್ಮನಾಗಲಿಲ್ಲ, ಆ ಕೆಲಸಕ್ಕೆ ಕೂಲಿ ಎಲ್ಲಿಂದ ಬರಬೇಕು ಎಂಬುದನ್ನೂ ಬರೆದಿಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿಜಯನಗರದ ಕಾಲದ ಒಂದು ಶಾಸನ ಪೋರುಮಾಮಿಳ್ಳದಲ್ಲಿದೆ. ಅದು ಈಗಿನ ಆಂಧ್ರಪ್ರದೇಶದ ಊರು. ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ್ದು. ಒಳ್ಳೆಯ ಕೆರೆಗೆ ಏನೇನು ಲಕ್ಷಣಗಳಿರಬೇಕು, ಯಾವ ದೋಷಗಳಿರಬಾರದು ಎಂಬುದನ್ನೆಲ್ಲ ಅದರಲ್ಲಿ ಕೊರೆಸಿದ್ದಾರೆ. ದಿನವೊಂದಕ್ಕೆ 1,000 ಆಳು ಮತ್ತು 100 ಬಂಡಿಗಳಂತೆ 2 ವರ್ಷ ಕೆಲಸ ನಡೆಯಿತೆಂಬ ಲೆಕ್ಕವೂ ಅದರಲ್ಲಿದೆ. ರಾಜಕುಮಾರನ ಹೆಸರು ಕಲ್ಲಿನ ಮೇಲೆ ನಿಂತಿತು. ಸಾವಿರ ಆಳುಗಳಲ್ಲಿ ಒಬ್ಬನ ಹೆಸರೂ ಇಲ್ಲ. ಆದರೂ ಆಳಿನ ಲೆಕ್ಕವನ್ನಾದರೂ ಬರೆಸಿದನಲ್ಲ ಎಂದು ನಾವು ಅವನನ್ನು ಮೆಚ್ಚಬೇಕು. ಇಂದಿನ ಶಂಕುಸ್ಥಾಪನೆಯ ಕಲ್ಲುಗಳಲ್ಲಿ ಅಷ್ಟೂ ಇರುವುದಿಲ್ಲ.

'ಕೆರೆಗೆ ಹಾರ' ಹಾಡನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬೀಳುವುದಿಲ್ಲ, ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂದು ಹೊತ್ತಿಗೆ ನೋಡಿ ಹೇಳುತ್ತಾರೆ. ಮನೆಯ ಹಿರಿಯರು ಕೂತು ಯಾವ ಸೊಸೆ ಎಂದು ಗೊತ್ತುಮಾಡುತ್ತಾರೆ, ಕಿರಿಯವಳು ಭಾಗೀರಥಿ ಎಂದಾಗುತ್ತದೆ. ಆ ಮಾತುಕತೆಗೆ ಭಾಗೀರಥಿಯನ್ನು ಕರೆದಿರಲಿಲ್ಲ. ನಮಗೆ ಈ ಹಾಡಿನಲ್ಲಿ ಅವಳ ತ್ಯಾಗಕ್ಕಿಂತ ಹೆಚ್ಚಾಗಿ ಆ ಸಭೆ ಕಣ್ಣಿಗೆ ಕಟ್ಟುತ್ತದೆ. ಊರಿಗೆ ಒಳ್ಳೆಯದಾಗಬೇಕು, ಬೆಲೆ ತೆರುವವರು ಸಭೆಯಲ್ಲಿರಬಾರದು. ಇಂಥ ಸಭೆಗಳು ಇನ್ನೂ ನಡೆಯುತ್ತಿವೆ.

ಕಾಲ ಬದಲಾಯಿತು. ಮೈಸೂರು ಸಂಸ್ಥಾನದಲ್ಲಿ ಕೆರೆಗಳಿಗೆ ಪಂಚಾಯಿತಿಗಳನ್ನು ಮಾಡಬೇಕೆಂದು 1911ರಲ್ಲಿ ಕಾಯಿದೆಯನ್ನೇ ತಂದರು. ಕೆರೆ ಸರಕಾರದ್ದಾದಂತೆಲ್ಲ ಊರವರ ಕೈ ಸಡಿಲವಾಗಿತ್ತು, ಆ ಕೈಯನ್ನು ಮತ್ತೆ ಬಿಗಿ ಮಾಡುವ ಪ್ರಯತ್ನ ಅದು. ಕಾಗದದ ಮೇಲೆ ಉಳಿದದ್ದೇ ಹೆಚ್ಚು. ಆಮೇಲೆ ಕೊಳವೆಬಾವಿ ಬಂತು, ನಲ್ಲಿ ಬಂತು, ಕೆರೆಯ ಕಡೆ ಮುಖ ಮಾಡುವ ಅಗತ್ಯವೇ ಇಲ್ಲವೆಂದು ಪಟ್ಟಣದವರು ತಿಳಿದರು.

ಇನ್ನು ಸ್ವಯಂಸೇವಕ ಎಂಬ ಪದ. ಇದು ನಮ್ಮ ಭಾಗದ ಬೀದಿಬೀದಿಯಲ್ಲಿ ಹರಡಿದ್ದು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರ ಕಾಲದಲ್ಲಿ. 1923ರಲ್ಲಿ ಅವರು ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಬಂದ ಜನಕ್ಕೆ ನೀರು ಬೇಕಲ್ಲ, ಅದಕ್ಕಾಗಿ ತಿಳಕವಾಡಿಯಲ್ಲಿ ದೊಡ್ಡ ಬಾವಿ ತೋಡಿಸಿದರು. ಆ ಕಾಂಗ್ರೆಸ್ ಬಾವಿ ಈಗಲೂ ಇದೆ. ಸೇವೆ ಎಂದರೆ ಆ ಕಾಲದವರಿಗೆ ಶಿಸ್ತು, ಕಸಬರಿಗೆ, ನೀರಿನ ಕೊಡ. ಅನಂತರ ನಮ್ಮ ಪಟ್ಟಣಗಳಿಗೆ ಇನ್ನೊಂದು ಬಗೆಯ ಸೇವೆ ಬಂತು. ರೋಟರಿ 1905ರಲ್ಲಿ, ಲಯನ್ಸ್ 1917ರಲ್ಲಿ, ಎರಡೂ ಅಮೆರಿಕದ ಶಿಕಾಗೋ ನಗರದಲ್ಲಿ ವ್ಯಾಪಾರಸ್ಥರು ಹುಟ್ಟಿಸಿದ ಬಳಗಗಳು. ಇವನ್ನು ಸುಮ್ಮನೆ ಬೈಯುವುದು ನ್ಯಾಯವಲ್ಲ. 1925ರಲ್ಲಿ ಈರಿ ಸರೋವರದ ದಂಡೆಯ ಸೀಡರ್ ಪಾಯಿಂಟಿನಲ್ಲಿ ನಡೆದ ಲಯನ್ಸ್ ಸಮ್ಮೇಳನಕ್ಕೆ ಹೆಲೆನ್ ಕೆಲರ್ ಬಂದು ಕುರುಡರ ಪರವಾಗಿ ನಿಲ್ಲಿರೆಂದು ಕೇಳಿಕೊಂಡಳು. ಅಂದಿನಿಂದ ಕಣ್ಣಿನ ಕೆಲಸವನ್ನು ಅವರು ಬಿಟ್ಟಿಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಇಂಥ ಶಿಬಿರಗಳಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ. ಆದರೆ ಕೆರೆಯ ದಂಡೆಗೆ ಬಂದಾಗ ಮಾತ್ರ ಈ ಬಳಗಗಳು ಸಾಮಾನ್ಯವಾಗಿ ಒಂದು ಸಿಮೆಂಟು ಬೆಂಚು ಹಾಕಿಸುತ್ತವೆ, ಬೆಂಚಿಗಿಂತ ದೊಡ್ಡದಾಗಿ ಅದರ ಬೆನ್ನಿನ ಮೇಲೆ ಹೆಸರು ಬರೆಸುತ್ತವೆ. ಬೆಂಚಿನ ಮೇಲೆ ಕೂತರೆ ಗಟಾರದ ವಾಸನೆ. ಮೂಗಿಗೆ ಏನು ಮಾಡುವುದೆಂದು ಬೆಂಚಿನ ಮೇಲೆ ಬರೆದಿಲ್ಲ.

ಬೆಂಗಳೂರಿನ ಕಥೆಗೆ ಬರೋಣ. ಅಲ್ಲಿ ನಡೆದದ್ದು ನಮ್ಮಂಥ ಜಿಲ್ಲಾ ಪಟ್ಟಣಗಳಿಗೆ ಇಪ್ಪತ್ತು ವರ್ಷ ತಡವಾಗಿ ಬರುತ್ತದೆ. ಬರುವ ಮುಂಚೆ ತಿಳಿದುಕೊಳ್ಳುವುದು ಲಾಭ.

ಆ ನಗರ ಮೊದಲು ಕೆರೆಗಳನ್ನು ತಿಂದಿತು. ಧರ್ಮಾಂಬುಧಿ ಕೆರೆ ಇದ್ದ ಕಡೆ ಇಂದು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಕರಗದವರಿಗಾಗಿ ಅಲ್ಲಿ ಉಳಿದಿರುವುದು ಒಂದು ಪುಟ್ಟ ಹೊಂಡ. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ವಸತಿಗಳು ಎದ್ದವು. ಪ್ರತಿ ಬಾರಿಯೂ ಸಾರ್ವಜನಿಕ ಹಿತ ಎಂದೇ ಹೇಳಿದರು. ಆ ಸಾರ್ವಜನಿಕರಲ್ಲಿ ಕೆರೆಯ ಅಗಸ, ಬೆಸ್ತ, ತೋಟಿಗ, ಇಟ್ಟಿಗೆ ಸುಡುವವ ಸೇರಿರಲಿಲ್ಲ.

ಉಳಿದ ಕೆರೆಗಳ ದಂಡೆಗಳಲ್ಲಿ ಕ್ರಮೇಣ ಹೊಸ ಬಗೆಯ ಬಳಗಗಳು ಹುಟ್ಟಿದವು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ 48 ಎಕರೆಯದು. ಒಂದು ಕಾಲಕ್ಕೆ ಹಳ್ಳಿಯ ಕೆರೆ, ಆಮೇಲೆ ಹೊಲಸಿನ ಗುಂಡಿ. ಸುಮಾರು 2008-09ರ ಹೊತ್ತಿಗೆ ಸುತ್ತಲಿನ ನಿವಾಸಿಗಳು ಮಹಾನಗರ ಪಾಲಿಕೆಯ ಕೆರೆ ವಿಭಾಗದ ಇಂಜಿನಿಯರುಗಳ ಜತೆ ಕೂತರು. ಹೊಲಸುನೀರನ್ನು ಬೇರೆ ದಾರಿಗೆ ತಿರುಗಿಸಿ, ಹೂಳು ತೆಗೆದು, ಏರಿ ಸರಿಮಾಡಿ, ಮಳೆ ಬಂದ ಮೇಲೆ ಕೆರೆಗೆ ಮತ್ತೆ ಜೀವ ಬಂತು. ಕೆರೆ ನೋಡಿಕೊಳ್ಳಲು ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಎಂಬ ಬಳಗ ನಿಂತಿತು. ಇದರಲ್ಲಿ ನಮಗೆ ಹಿಡಿಸಿದ ಸಂಗತಿ ಹಕ್ಕಿಗಳ ಲೆಕ್ಕವಲ್ಲ, ಹಕ್ಕಿಗಳು ಬಂದದ್ದು ಸಂತೋಷವೇ. ನಕ್ಷೆ ಬರೆಯುವ ಹಂತದಲ್ಲಿಯೇ ಊರವರ ಮಾತು ಕೇಳಿದರು. ಪಕ್ಕದ ಸರಕಾರಿ ಶಾಲೆಯ ಮಕ್ಕಳನ್ನು ನೆನೆದರು. ಗಣಪತಿ ಬಿಡಲು ಬೇರೆಯೇ ಕಲ್ಯಾಣಿ ಮಾಡಿದರು. ದನಕ್ಕೆ ಹುಲ್ಲು ಕೊಯ್ಯುವವರಿಗೆ ದಾರಿ ಉಳಿಸಿದರು. ಹುಲ್ಲು ಕೊಯ್ದರೆ ಕೆರೆಯೂ ಚೊಕ್ಕಟವಾಗುತ್ತದೆ, ಹಾಲಿನವನಿಗೆ ಮೇವಿನ ಖರ್ಚೂ ಉಳಿಯುತ್ತದೆ. ಇಷ್ಟು ಸರಳ ಗಣಿತ ಎಷ್ಟೋ ಉದ್ಯಾನ ಇಲಾಖೆಗಳ ತಲೆಗೆ ಹೋಗುವುದಿಲ್ಲ.

ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆ ಇನ್ನೂ ಚಿಕ್ಕದು, 13 ಎಕರೆ ಚಿಲ್ಲರೆ. ಅಲ್ಲಿನ ನೆರೆಹೊರೆಯವರು 2010ರಲ್ಲಿ ಒಂದು ಟ್ರಸ್ಟು ಮಾಡಿಕೊಂಡು 2011ರಲ್ಲಿ ಪಾಲಿಕೆಯೊಂದಿಗೆ ನಿರ್ವಹಣೆಯ ಕರಾರು ಬರೆದುಕೊಂಡರು. ಅವರಿಗೆ ಎದುರಾದ ಕಷ್ಟ ವಿಚಿತ್ರ: ಕೆರೆ ಚೊಕ್ಕಟವಾಯಿತು, ನೀರೇ ಇಲ್ಲ. ಸುತ್ತಲೂ ಕಟ್ಟಡಗಳು ಎದ್ದು ಮಳೆನೀರು ಬರುವ ಕಾಲುವೆಗಳೆಲ್ಲ ಮುಚ್ಚಿಹೋಗಿದ್ದವು. ಕಡೆಗೆ ಪಕ್ಕದ ದೊಡ್ಡ ವಸತಿ ಸಮುಚ್ಚಯದ ಶುದ್ಧಿಮಾಡಿದ ಬಳಕೆ ನೀರನ್ನು ಕೆರೆಗೆ ಹರಿಸಬೇಕಾಯಿತು. ಕೆರೆ ಎಂದರೆ ಬರೇ ನೀರು ನಿಂತ ತಗ್ಗಲ್ಲ, ಮೈಲುಗಟ್ಟಲೆ ಹರಡಿದ ಕಾಲುವೆಗಳ ಜಾಲ ಎಂಬುದು ಇದರಿಂದ ತಿಳಿಯುತ್ತದೆ. ತಗ್ಗನ್ನು ಉಳಿಸಿ ಕಾಲುವೆಯನ್ನು ಮಾರಿದರೆ ಕೆರೆ ಮಾರಿದಂತೆಯೇ. ಜಕ್ಕೂರಿನ 160 ಎಕರೆ ಕೆರೆಯಲ್ಲಿ ಈ ಶುದ್ಧೀಕರಣವನ್ನು ಇನ್ನೂ ದೊಡ್ಡದಾಗಿ ಮಾಡಿದ್ದಾರೆ. ಮೇಲ್ತುದಿಯಲ್ಲಿ ಹೊಲಸು ಶುದ್ಧಿಮಾಡುವ ಘಟಕ, ಅದರಿಂದ ಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಸೋಸಿ ಕೆರೆಗೆ. ಕಾಯುವವರು ನಾಗರಿಕರ ಬಳಗ, ಘಟಕ ನಡೆಸುವುದು ಸರಕಾರದ ಜಲಮಂಡಳಿ.

ಇಲ್ಲಿಯೇ ಗಂಟು ಇರುವುದು. ಭಾನುವಾರ ಮುಂಜಾನೆ ನಲವತ್ತು ಜನ ಕೈಗೆ ಚೀಲ ಹಾಕಿಕೊಂಡು ಪ್ಲಾಸ್ಟಿಕ್ ಆಯಬಹುದು, ಗಿಡ ನೆಡಬಹುದು, ಒತ್ತುವರಿ ಕಂಡರೆ ಕೂಗೆಬ್ಬಿಸಬಹುದು. ಹೊಲಸುನೀರನ್ನು ನಲವತ್ತು ಸಾವಿರ ಜನರೂ ಚೀಲದಲ್ಲಿ ಹಿಡಿಯಲಾರರು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಗೆ ಪ್ರೀತಿಸುವವರ ಕೊರತೆ ಇರಲಿಲ್ಲ. ಆದರೂ 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿತು, 2017ರ ಫೆಬ್ರವರಿಯಲ್ಲಿ ಕೆರೆ ಹತ್ತಿ ಉರಿಯಿತು, 2018ರ ಜನವರಿಯಲ್ಲಿ ಮತ್ತೆ ಬೆಂಕಿ ಬಿದ್ದಾಗ ಆರಿಸಲು ಸೈನಿಕರು ಇಳಿಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರಕಾರ 500 ಕೋಟಿ ರೂಪಾಯಿ ತೆಗೆದಿಡಬೇಕೆಂದು ಆಜ್ಞೆ ಮಾಡಿತು. ನೀರಿಗೆ ಬೆಂಕಿ ಬಿದ್ದದ್ದು ಸ್ವಯಂಸೇವಕರು ಸಾಲದೆ ಅಲ್ಲ. ನಗರವನ್ನು ಬೆಳೆಸಿದವರು ಅದರ ಗಟಾರವನ್ನು ಬೆಳೆಸಲಿಲ್ಲ.

ಆದ್ದರಿಂದ ಸಂಘವು ಪುರಸಭೆಯ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುವ ಗುತ್ತಿಗೆದಾರನಾಗಕೂಡದು. ಇದನ್ನು ನಾವು ಒತ್ತಿ ಹೇಳುತ್ತೇವೆ. ಕೆರೆಯ ಕಸ ತೆಗೆಯಲು ಇಬ್ಬರು ಪೌರಕಾರ್ಮಿಕರ ಹುದ್ದೆ ಬೇಕು ಎಂದು ಕೇಳಬೇಕಾದ ಕಡೆ ನಾವೇ ಇಪ್ಪತ್ತು ಜನ ಹೋಗಿ ಪುಕ್ಕಟೆ ತೆಗೆದರೆ, ಮುಂದಿನ ವರ್ಷ ಆಯವ್ಯಯದಲ್ಲಿ ಕೆರೆಯ ಬಾಬತ್ತೇ ಇರುವುದಿಲ್ಲ. ಕೆರೆಗೊಡಗೆ ಬರೆಸಿದ ಹಳಬರಿಗೆ ಇದು ಗೊತ್ತಿತ್ತು. ಶ್ರಮದಾನ ಬೇಡವೆಂದಲ್ಲ. ನೂರು ಮಂದಿ ಕೆಸರಿಗಿಳಿದರೆ ಕೆರೆ ತಮ್ಮದೆಂಬ ಭಾವನೆ ಬರುತ್ತದೆ, ಅದು ಯಾವ ಇಲಾಖೆಯೂ ಕೊಡಲಾಗದ್ದು. ಶ್ರಮದಾನ ದಾನವಾಗಿಯೇ ಇರಲಿ, ಪಗಾರದ ಬದಲಿ ಆಗದಿರಲಿ.

ಇನ್ನು ಬೇಲಿಯ ವಿಚಾರ. ಕೆರೆ ಚೊಕ್ಕಟವಾದ ಕೂಡಲೆ ಸುತ್ತ ತಂತಿಬೇಲಿ, ಒಂದು ಗೇಟು, ಗೇಟಿಗೆ ಹೊತ್ತು. ಮುಂಜಾನೆ ಎರಡು ಮೂರು ತಾಸು, ಸಂಜೆ ಎರಡು ತಾಸು. ಈ ಹೊತ್ತನ್ನು ಗೊತ್ತುಮಾಡುವವರು ಮುಂಜಾನೆ ನಡೆಯಲು ಬರುವವರು. ಮೊದಲ ಪಾಳಿಯವನು ಆ ಹೊತ್ತಿಗೆ ಗಿರಣಿಯ ಒಳಗೆ, ರಾತ್ರಿ ಪಾಳಿಯವನು ಹಾಸಿಗೆಯಲ್ಲಿ. ಅಂಗಡಿಕಾರ ಸಂಜೆ ಗಿರಾಕಿ ಬಿಟ್ಟು ಹೇಗೆ ಬಂದಾನು? ನಮ್ಮ ಪರಿಚಯದ ಒಂದು ಊರಿನಲ್ಲಿ (ಹೆಸರು ಬೇಡ) ಕೆರೆ ಸೌಂದರ್ಯದ ಸಮಿತಿಯವರು ಮೊದಲು ಎಮ್ಮೆಗಳನ್ನು ಹೊರಹಾಕಿದರು, ಆಮೇಲೆ ಬಟ್ಟೆ ಒಗೆಯುವ ಕಲ್ಲುಗಳನ್ನು ಕಿತ್ತರು, ಕಡೆಗೆ ಏರಿಯ ಮೇಲೆ ಕಡಲೆಕಾಯಿ ಮಾರುತ್ತಿದ್ದ ಮುದುಕಿಯನ್ನೂ ಎಬ್ಬಿಸಿದರು. ಕಾರಣ ಕೇಳಿದ್ದಕ್ಕೆ ಶುಚಿತ್ವ ಎಂದರು. ಮೇಲಿನ ಬಡಾವಣೆಯ ಗಟಾರ ಮಾತ್ರ ನೇರವಾಗಿ ಕೆರೆಗೇ ಬೀಳುತ್ತಿತ್ತು, ಅದಕ್ಕೆ ಬೇಲಿ ಇರಲಿಲ್ಲ.

ಕೆರೆಗೆ ಬೇಲಿ ಹಾಕುವುದು ನಮ್ಮ ದೇಶದಲ್ಲಿ ಹಳೆಯ ಪಾಪ, ತಂತಿ ಮಾತ್ರ ಹೊಸದು. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲಿ ಠರಾವು ಮಾಡಿತು. ಮಹಾಡದ ಪುರಸಭೆ 1924ರಲ್ಲಿ ತನ್ನ ಚವದಾರ ಕೆರೆಯನ್ನು ತೆರೆದೆವೆಂದು ಕಾಗದದಲ್ಲಿ ಬರೆಯಿತು. ಕಾಗದ ತೆರೆಯಿತು, ಕೆರೆ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಆ ನೀರು ಮುಟ್ಟಿದರು. ಮೇಲುಜಾತಿಯವರು ಕೆರೆ ತಮ್ಮ ಖಾಸಗಿ ಸ್ವತ್ತೆಂದು ಕೋರ್ಟಿಗೆ ಹೋದರು. ಕೆರೆ ಎಲ್ಲರದೂ ಎಂದು ಮುಂಬಯಿ ಹೈಕೋರ್ಟು ತೀರ್ಮಾನ ಕೊಡಲು 1937ನೆಯ ಇಸವಿ ಬರಬೇಕಾಯಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ವ್ಯಾಜ್ಯ. ಕೆರೆಯ ಸಂಘವೊಂದು ಪಟ್ಟಿ ತಯಾರಿಸುವಾಗ ಕೇರಿಯ ಹೆಸರುಗಳು ಅದರಲ್ಲಿವೆಯೇ ಎಂದು ನಾವು ನೋಡುವುದು ಈ ಚರಿತ್ರೆ ಗೊತ್ತಿರುವುದರಿಂದ.

ಜನರ ಸಂಘವಿಲ್ಲದಿದ್ದರೆ ಕಂಪನಿ ಬರುತ್ತದೆ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ಕೆರೆ ನೋಡಲು ಚೀಟಿ ಕೊಳ್ಳುವ ಕಾಲ ಬಂತು. ಇದರ ವಿರುದ್ಧ 2008ರಲ್ಲಿ ನಾಗರಿಕ ಸಂಘಟನೆಯೊಂದು ಹೈಕೋರ್ಟಿನ ಬಾಗಿಲು ತಟ್ಟಿತು, 2012ರಲ್ಲಿ ಕೋರ್ಟು ಕೆರೆಗಳ ರಕ್ಷಣೆಗೆ ವಿವರವಾದ ಆಜ್ಞೆ ಕೊಟ್ಟಿತು. 2020ರ ಮಾರ್ಚಿನಲ್ಲಿ ಕೆರೆಗಳ ಬಗ್ಗೆ ಕಂಪನಿಗಳ ಜತೆ ಮಾಡುವ ಕರಾರುಗಳಿಗೆ ಹೈಕೋರ್ಟು ತಡೆ ಹಾಕಿತು. ಸರಿಯಾದ ಕೆಲಸವೇ. ಆದರೆ ಅದರ ಪೆಟ್ಟು ನೆರೆಹೊರೆಯ ಬಳಗಗಳಿಗೂ ತಗಲಿತು. ಕಂಪನಿಯನ್ನೂ ಕೇರಿಯ ಬಳಗವನ್ನೂ ಖಾಸಗಿ ಎಂಬ ಒಂದೇ ಚೀಲದಲ್ಲಿ ತುಂಬುವುದು ಕಾನೂನಿನ ಭಾಷೆಯ ಬಡತನ. 2025ರ ಸೆಪ್ಟೆಂಬರಿನಲ್ಲಿ ಆ ಮಹಾನಗರ ಪಾಲಿಕೆಯನ್ನೇ ಒಡೆದು ಐದು ನಗರ ಪಾಲಿಕೆಗಳನ್ನು ಮಾಡಿದ್ದಾರೆ. ಹಳೆಯ ಕರಾರಿನ ಕಾಗದ ಹಿಡಿದವರು ಈಗ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕೋ ಅವರೇ ಬಲ್ಲರು.

ಜನ ತಾವೇ ಸೇರಿ ಕೆರೆ, ಕಾಡು, ಮೀನುನೆಲೆಗಳನ್ನು ಕಾಯಬಲ್ಲರೇ? ಆಗದು, ಒಂದೋ ಸರಕಾರ ಹಿಡಿಯಬೇಕು, ಇಲ್ಲವೇ ಮಾಲಿಕನಿಗೆ ಮಾರಬೇಕು ಎಂದು ಅರ್ಥಶಾಸ್ತ್ರದ ಪಂಡಿತರು ಬಹಳ ಕಾಲ ಹೇಳುತ್ತಿದ್ದರು. ಎಲಿನರ್ ಆಸ್ಟ್ರಮ್ ಎಂಬ ಅಮೆರಿಕದ ವಿದುಷಿ ಲೋಕದ ಹಲವು ಕಡೆಯ ಊರುಗಳನ್ನು ನೋಡಿ ಇದು ಸುಳ್ಳೆಂದು ತೋರಿಸಿದಳು, 2009ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂತು. ಬೆಂಗಳೂರಿನ ಪ್ರೊ. ಹರಿಣಿ ನಾಗೇಂದ್ರರ ಜತೆ ಸೇರಿ ಆಕೆ ನಮ್ಮ ಬೆಂಗಳೂರಿನ ಕೆರೆಗಳ ಮೇಲೆಯೇ ಪ್ರಬಂಧ ಬರೆದಿದ್ದಾಳೆ. ಆಕೆ ಕಂಡದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಎಲ್ಲೆ ಸ್ಪಷ್ಟವಿರಬೇಕು, ಬಳಸುವವರೇ ಕಟ್ಟುಪಾಡು ಮಾಡಬೇಕು, ಕಾವಲುಗಾರ ಬಳಸುವವರಿಗೆ ಉತ್ತರ ಹೇಳಬೇಕು, ಮೇಲಿನ ಸರಕಾರ ಈ ಹಕ್ಕನ್ನು ಒಪ್ಪಬೇಕು. ನಮ್ಮ ನೀರುಗಂಟಿಗೆ ಇದನ್ನು ಹೇಳಿದ್ದರೆ ಇದರಲ್ಲಿ ಹೊಸದೇನು ಎಂದು ಕೇಳುತ್ತಿದ್ದ.

ಈಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಕಷ್ಟದ ಪ್ರಶ್ನೆ. ಕೆರೆಗೆ ಬೀಳುವುದು ಮನೆಗಳ ಹೊಲಸಷ್ಟೇ ಅಲ್ಲ, ಬಣ್ಣದ ಕಾರಖಾನೆಗಳ ನೀರೂ ಹೌದು. ಕೆರೆಯ ಮಾತೆತ್ತಿದರೆ ಕಾರಖಾನೆ ಮುಚ್ಚುತ್ತದೆ, ನಿಮ್ಮ ಒಲೆ ಆರುತ್ತದೆ ಎಂದು ಮಾಲಿಕರ ಕಡೆಯವರು ಕಿವಿಯಲ್ಲಿ ಊದುತ್ತಾರೆ. ಈ ಭಯ ಸುಳ್ಳಲ್ಲ. ವೆಲ್ಲೂರಿನ ನಾಗರಿಕರ ವೇದಿಕೆಯೊಂದು ಪಾಲಾರ್ ನದಿಯನ್ನು ಕೆಡಿಸುತ್ತಿದ್ದ ನೂರಾರು ಚರ್ಮದ ಕಾರಖಾನೆಗಳ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಕೆಡಿಸಿದವನೇ ತೆರಬೇಕು ಎಂಬ ತತ್ವವನ್ನು ಕೋರ್ಟು ಎತ್ತಿಹಿಡಿದು ಒಂದೊಂದು ಕಾರಖಾನೆಗೂ 10,000 ರೂಪಾಯಿ ದಂಡ ಹಾಕಿತು. ಕೆಡಿಸಿದವನು ಎಂದರೆ ಲಾಭ ತೆಗೆದುಕೊಂಡವನು, ತೊಟ್ಟಿಯಲ್ಲಿ ಮೊಣಕಾಲವರೆಗೆ ನಿಂತವನಲ್ಲ. ನೀರು ಶುದ್ಧಿಮಾಡದೆ ಹೊರಬಿಡುವುದು 1974ರ ಕಾಯಿದೆಯ ಪ್ರಕಾರ ಅಪರಾಧ. ಆ ಖರ್ಚು ಮಾಲಿಕನ ಲೆಕ್ಕದಲ್ಲಿ ಬೀಳಬೇಕು, ನಮ್ಮ ಪಗಾರದ ಲೆಕ್ಕದಲ್ಲಲ್ಲ. ಈ ಮಾತನ್ನು ಕಾರ್ಮಿಕರ ಯೂನಿಯನ್ನೇ ಮೊದಲು ಎತ್ತಿದರೆ ಕೆರೆ ಸಂಘಕ್ಕೂ ನಮಗೂ ಜಗಳ ಹಚ್ಚುವ ಆಟ ನಡೆಯುವುದಿಲ್ಲ. ನಾವು ಸುಮ್ಮನಿದ್ದು ಬೇರೆಯವರು ಎತ್ತಿದರೆ, ಬೀಗ ಬೀಳುವ ದಿನ ನಮ್ಮನ್ನು ಕೇಳುವವರಿರುವುದಿಲ್ಲ. ಪೇಟೆಯ ಮಿತ್ರರಿಗೂ ಒಂದು ಮಾತು: ಸಂತೆಯ ಕೊಳೆತ ತರಕಾರಿ, ಪ್ಲಾಸ್ಟಿಕ್ ಚೀಲ ಕಾಲುವೆಗೆ ಹೋಗುವುದನ್ನು ಯಾವ ಕೋರ್ಟೂ ನಿಲ್ಲಿಸಲಾರದು, ನೀವು ನಿಲ್ಲಿಸಬಹುದು.

ಹಾಗಾದರೆ ಸಂಘ ಹೇಗಿರಲಿ? ವಂತಿಗೆ ಚಹದ ದುಡ್ಡಿಗಿಂತ ಹೆಚ್ಚಾಗದಿರಲಿ. ದೇಣಿಗೆ ಕೊಟ್ಟವರಿಗೆ ರಸೀದಿ ಕೊಡೋಣ, ಕುರ್ಚಿ ಕೊಡುವುದು ಬೇಡ. ಕಾರ್ಯಕಾರಿಯಲ್ಲಿ ಅಗಸರು, ಮೀನು ಹಿಡಿಯುವವರು, ದನ ಸಾಕುವವರು, ಎರಡೂ ಪಾಳಿಯ ಕಾರ್ಮಿಕರು, ಪೌರಕಾರ್ಮಿಕರು ಇರಲಿ. ಹೆಂಗಸರು ಚಹ ಹಂಚುವುದಕ್ಕಲ್ಲ, ಖಜಾಂಚಿಗಿರಿಗೆ ಬರಲಿ. ಸಭೆ ರಾತ್ರಿ ಎಂಟರ ಮೇಲೆ ನಡೆಯಲಿ. ಲೆಕ್ಕವನ್ನು ತಿಂಗಳಿಗೊಮ್ಮೆ ಏರಿಯ ಮೇಲೆ ಹಲಗೆಗೆ ಅಂಟಿಸಲಿ. ರೋಟರಿ, ಲಯನ್ಸಿನವರು ಬಂದರೆ ಬೇಡವೆನ್ನುವುದಿಲ್ಲ, ಬೆಂಚಿನ ಬದಲು ನೀರು ಪರೀಕ್ಷೆಯ ಖರ್ಚು ಕೊಡಿರೆಂದು ಕೇಳೋಣ. ಯುವಕ ಮಂಡಳಿಗಳು, ಗಣಪತಿ ಮಂಡಳಿಗಳು ಊರಿನಲ್ಲಿ ಬೇಕಾದಷ್ಟಿವೆ, ಅವರ ತೋಳಿನ ಬಲ ವರ್ಷಕ್ಕೆ ಹತ್ತು ದಿನ ಮಾತ್ರ ಖರ್ಚಾಗುತ್ತಿದೆ.

ಮೊದಲ ಕೆಲಸ ಗುದ್ದಲಿಯದಲ್ಲ, ಕಾಗದದ್ದು. ಕೆರೆಯ ಎಲ್ಲೆ ಎಲ್ಲಿದೆ ಎಂದು ಇಂದು ಈ ಸಭೆಯಲ್ಲಿ ಖಚಿತವಾಗಿ ಹೇಳಬಲ್ಲವರು ಎಷ್ಟು ಜನ? ಹಳೆಯ ಗ್ರಾಮ ನಕ್ಷೆ, ಕೆರೆಯ ಸರ್ವೆ ನಂಬರಿನ ಪಹಣಿ, ನೀರು ಬರುವ ರಾಜಕಾಲುವೆಗಳ ವಿವರ, ಕಳೆದ ಮೂರು ವರ್ಷ ಪುರಸಭೆ ಕೆರೆಯ ಬಾಬತ್ತಿಗೆ ಮಾಡಿದ ಖರ್ಚು, ಈ ನಾಲ್ಕನ್ನೂ 2005ರ ಮಾಹಿತಿ ಹಕ್ಕು ಕಾಯಿದೆಯ ಮೇರೆಗೆ ಅರ್ಜಿ ಹಾಕಿ ಕೇಳಬಹುದು. ಅರ್ಜಿಯ ಶುಲ್ಕ 10 ರೂಪಾಯಿ. ನಕ್ಷೆ ಬಂದ ಮೇಲೆ ಭೂಮಾಪಕರನ್ನು ಕರೆಸಿ ಎಲ್ಲರ ಕಣ್ಣೆದುರಿಗೆ ಕಲ್ಲು ನೆಡಿಸೋಣ. ಅರ್ಜಿಯನ್ನು ಬರೆದು ತಂದಿದ್ದೇವೆ, ಮೇಜಿನ ಮೇಲಿದೆ. ಸಭೆ ಮುಗಿದ ಮೇಲೆ ಓದಿ ನೋಡಿ, ಬಿಟ್ಟುಹೋದದ್ದನ್ನು ಸೇರಿಸಿ. ರಾತ್ರಿ ಪಾಳಿಗೆ ಹೋಗುವವರು ಮೊದಲು ಬನ್ನಿ.